ಅಪನಂಬಿಕೆಯ ಠಸ್ಸೆಗಳು

ಲಂಡನ್ನಿನ ಸೇಂಟ್ ಪಾಲ್ಸ್ ಗುಮ್ಮಟವನ್ನು ಬೆನ್ನಿಗೆ ಹಾಕಿಕೊಂಡು ಉತ್ತರಕ್ಕೆ ಸ್ವಲ್ಪ ದೂರ ನಡೆದರೆ ಫಾಸ್ಟರ್ ಲೇನ್ ಎಂಬ ಕಿರುಬೀದಿ ಸಿಗುತ್ತದೆ. ಗುಮ್ಮಟ ನೋಡಲು ಬಂದ ಪ್ರವಾಸಿಗಳಲ್ಲಿ ಇತ್ತ ತಿರುಗುವವರು ಕಡಿಮೆ. ಅಲ್ಲಿ ಎತ್ತರದ ಕಂಬಗಳನ್ನು ಮುಂದೊಡ್ಡಿ ಬಿಗುಮಾನದಿಂದ ನಿಂತಿರುವ ಕಟ್ಟಡವೇ ಗೋಲ್ಡ್‌ಸ್ಮಿತ್ಸ್ ಹಾಲ್, ಅಕ್ಕಸಾಲಿಗರ ಸಂಘದ ಮನೆ. ಈಗ ಕಾಣುವ ಕಟ್ಟಡ 1835ರದು. ಜಾಗ ಮಾತ್ರ 1339ರಿಂದ ಸಂಘದ್ದೇ. ಚಿನ್ನ ಬೆಳ್ಳಿಯ ಮೇಲೆ ಒತ್ತುವ ಹಾಲ್‌ಮಾರ್ಕ್‌ಗೆ ಆ ಹೆಸರು ಬಂದದ್ದು ಈ ಹಾಲ್‌ನಿಂದ. ಹಳೆಯ ಬೆಳ್ಳಿಯ ಬೆನ್ನು ಹತ್ತಿ ಯೂರೋಪಿಗೆ ಹೋಗುವವರ ಜೇಬಿನಲ್ಲಿ ಸಾಮಾನ್ಯವಾಗಿ ಒಂದು ಭೂತಗನ್ನಡಿಯೂ ಠಸ್ಸೆಗಳ ಪಟ್ಟಿಯಿರುವ ಒಂದು ಕಿರುಪುಸ್ತಕವೂ ಇರುತ್ತವೆ. ಪಾತ್ರೆಯನ್ನು ಬೋರಲು ಹಾಕುವುದು, ತಳದಲ್ಲಿರುವ ಸಿಂಹ, ಚಿರತೆ, ಅಕ್ಷರಗಳನ್ನು ಪಟ್ಟಿಯೊಂದಿಗೆ ಹೋಲಿಸುವುದು, ಇಸವಿ ಹೇಳಿಬಿಡುವುದು. ಠಸ್ಸೆಯೆಂದರೆ ವಸ್ತುವಿನ ಜನನ ಪ್ರಮಾಣಪತ್ರ ಎಂಬ ನಂಬಿಕೆ ಇದರ ಹಿಂದಿದೆ. ಆ ನಂಬಿಕೆ ಅರ್ಧ ಮಾತ್ರ ಸರಿ ಎಂಬುದು ನನ್ನ ವಾದ. ಮುಂದಿನ ಕಾಲದವರಿಗೆ ಇಸವಿ ತಿಳಿಯಲಿ ಎಂದು ಯೂರೋಪಿನ ಯಾವ ಊರಿನಲ್ಲೂ ಯಾರೂ ಠಸ್ಸೆ ಒತ್ತಲಿಲ್ಲ. ಒಬ್ಬನಿಗೆ ಇನ್ನೊಬ್ಬನ ಮೇಲೆ ನಂಬಿಕೆ ಇರಲಿಲ್ಲ, ಆದ್ದರಿಂದ ಒತ್ತಿದರು. ಇಸವಿ ಅದರ ಜೊತೆಗೆ ಪುಕ್ಕಟೆಯಾಗಿ ಬಂತು. ಯಾರು ಯಾರನ್ನು ನಂಬಲಿಲ್ಲ ಎಂಬುದನ್ನು ಮೊದಲು ತಿಳಿದುಕೊಂಡರೆ, ಯಾವ ಊರಿನ ಠಸ್ಸೆ ವರ್ಷ ಹೇಳುತ್ತದೆ, ಯಾವುದು ಶತಮಾನವನ್ನಷ್ಟೇ ಹೇಳುತ್ತದೆ, ಯಾವುದು ಸುಳ್ಳು ಹೇಳುತ್ತದೆ ಎಂಬುದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಇಂಗ್ಲೆಂಡಿನ ಕ್ರಮವನ್ನೇ ನೋಡಿ. 1300ರಲ್ಲಿ ಒಂದನೇ ಎಡ್ವರ್ಡ್ ದೊರೆಯ ಕಾನೂನು ಬಂತು: ಬೆಳ್ಳಿ ನಾಣ್ಯದಷ್ಟಾದರೂ ಶುದ್ಧವಿರಬೇಕು, ಅಂದರೆ ಸಾವಿರಕ್ಕೆ 925 ಪಾಲು, ಸಂಘದ ಹಿರಿಯರು ಪರೀಕ್ಷಿಸಿ ಚಿರತೆಯ ತಲೆಯ ಠಸ್ಸೆ ಒತ್ತುವ ತನಕ ಮಾಲು ಕೈಬಿಡುವಂತಿಲ್ಲ. ಇದು ಗಿರಾಕಿಗೆ ಕಸುಬುದಾರನ ಮೇಲಿದ್ದ ಅಪನಂಬಿಕೆ. 1363ರಲ್ಲಿ ಪ್ರತಿಯೊಬ್ಬ ಅಕ್ಕಸಾಲಿಗನೂ ತನ್ನದೇ ಗುರುತು ಇಟ್ಟುಕೊಳ್ಳಬೇಕೆಂದಾಯಿತು; ಮೋಸ ಸಿಕ್ಕರೆ ಯಾರ ಕೊರಳಪಟ್ಟಿ ಹಿಡಿಯಬೇಕೆಂದು ಗೊತ್ತಿರಬೇಕಲ್ಲ. ಕಳ್ಳ ಬೆಳ್ಳಿಗೆ ಪರೀಕ್ಷಕನೇ ಠಸ್ಸೆ ಒತ್ತಿ ಕಳಿಸಿದರೆ? ಆ ಪ್ರಶ್ನೆಗೆ ಉತ್ತರ ಬಂದದ್ದು 1478ರಲ್ಲಿ. ಸಂಘ ಸಂಬಳದ ಪರೀಕ್ಷಕನನ್ನು ಹಾಲ್‌ನಲ್ಲೇ ಕೂರಿಸಿತು, ವರ್ಷಕ್ಕೊಮ್ಮೆ ಬದಲಾಗುವ ಒಂದು ಅಕ್ಷರವನ್ನು ಠಸ್ಸೆಗಳಿಗೆ ಸೇರಿಸಿತು. ಹಳೆಯ ದಾಖಲೆಗಳಲ್ಲಿ ಅದಕ್ಕೆ ಪರೀಕ್ಷಕನ ಅಕ್ಷರವೆಂದೇ ಹೆಸರು. ಫ್ರಾನ್ಸಿನ ತೆಂಕಣ ಪಟ್ಟಣ ಮೋಂಪೆಲಿಯೆ ಈ ಉಪಾಯವನ್ನು ಇನ್ನೂ ಮೊದಲೇ, 1427ರಲ್ಲಿ, ಜಾರಿಗೆ ತಂದಿತ್ತು, ಕಾರಣವೂ ಅದೇ: ಕಳಪೆ ಬೆಳ್ಳಿ ಹೊರಬಿದ್ದ ವರ್ಷ ಉಸ್ತುವಾರಿ ಯಾರದ್ದಾಗಿತ್ತು ಎಂದು ಹಿಡಿಯುವುದು. ಇಂದು ಹರಾಜಿನ ಕ್ಯಾಟಲಾಗುಗಳು ‘1745’ ಎಂದು ಹೆಮ್ಮೆಯಿಂದ ಅಚ್ಚುಹಾಕುವುದಕ್ಕೆ ಆಧಾರವಾದ ಅಕ್ಷರ ಹೀಗೆ ಒಬ್ಬ ನೌಕರನ ಮೇಲಿನ ನಿಗಾದಿಂದ ಹುಟ್ಟಿದ್ದು.

ನಿಗಾದ ಸಾಧನವಾಗಿದ್ದರಿಂದಲೇ ಅದು ಇಸವಿಯ ಸಾಧನವಾಗಿ ಕೆಲಸ ಮಾಡುತ್ತದೆ, ಅದರ ಮಿತಿಗಳು ಹುಟ್ಟುವುದೂ ಅಲ್ಲಿಂದಲೇ. ಲಂಡನ್ನಿನ ಅಕ್ಷರಮಾಲೆಯಲ್ಲಿ ಇಪ್ಪತ್ತೇ ಅಕ್ಷರ. ‘ಎ’ 1716ರಲ್ಲಿ ಬಂತು, ಮತ್ತೆ 1736, 1756, 1776, 1796ರಲ್ಲಿ ಬಂತು. ಪ್ರತಿ ಸುತ್ತಿಗೂ ಅಕ್ಷರದ ಬರವಣಿಗೆಯೋ ಅದರ ಸುತ್ತಲಿನ ಗುರಾಣಿಯ ಆಕಾರವೋ ಬದಲಾಗುತ್ತದೆ, ಅಷ್ಟೇ. ಸವೆದ ಚಮಚದ ಮೇಲೆ ಗುರಾಣಿಯ ಅಂಚು ಅಳಿಸಿದ್ದರೆ ಇಪ್ಪತ್ತು ವರ್ಷ ಅತ್ತಿತ್ತ ಆಗುವುದು ಕಣ್ಣೆವೆಯಷ್ಟರ ಮಾತು. ಮೇಲಾಗಿ ಅಕ್ಷರ ಬದಲಾಗುತ್ತಿದ್ದದ್ದು ಜನವರಿಯಲ್ಲಲ್ಲ, ಸಂಘದ ಹಿರಿಯರ ಅಧಿಕಾರ ಕೈಬದಲಾಗುವ ಮೇ ತಿಂಗಳಲ್ಲಿ. ಮೊದಲು ಅಕ್ಕಸಾಲಿಗರ ಸಂತ ಡನ್‌ಸ್ಟನ್‌ನ ಹಬ್ಬ, ಮೇ 19. 1660ರಲ್ಲಿ ಎರಡನೇ ಚಾರ್ಲ್ಸ್ ಪಟ್ಟಕ್ಕೆ ಮರಳಿದ ಮೇಲೆ ಅವನ ಹುಟ್ಟುಹಬ್ಬ, ಮೇ 29. ಹಾಗಾಗಿ ಪ್ರತಿ ಅಕ್ಷರವೂ ಎರಡು ಇಸವಿಗಳಲ್ಲಿ ಕಾಲಿಟ್ಟಿರುತ್ತದೆ. 1745 ಎಂದು ಬರೆಯುವವರು 1745–46 ಎಂದು ಬರೆಯಬೇಕು. ಬಹಳ ಮಂದಿ ಬರೆಯುವುದಿಲ್ಲ, ಒಂದೇ ಇಸವಿಯಾದರೆ ಬೆಲೆಪಟ್ಟಿಯಲ್ಲಿ ಚೆನ್ನಾಗಿ ಕೂರುತ್ತದೆ. ಇವೆಲ್ಲ ಸಣ್ಣ ವಿಷಯ ಎನ್ನಬಹುದು, ನಿಜ. ಆದರೆ ಊರಿನ ಗುರುತನ್ನು ಓದದೆ ಅಕ್ಷರಕ್ಕೆ ಕೈ ಹಾಕುವುದು ಸಣ್ಣ ವಿಷಯವಲ್ಲ. ಪ್ರತಿ ಊರಿಗೂ ಅದರದೇ ಅಕ್ಷರಚಕ್ರ. ಷೆಫೀಲ್ಡ್ ಅಂತೂ 1773ರಿಂದ 1824ರ ತನಕ ಅಕಾರಾದಿಯನ್ನೇ ಬಿಟ್ಟು ಮನಸ್ಸಿಗೆ ಬಂದ ಅಕ್ಷರ ಒತ್ತಿತು. ಆ ಅರ್ಧ ಶತಮಾನಕ್ಕೆ ತರ್ಕ ನಡೆಯುವುದಿಲ್ಲ; ಪಟ್ಟಿಯೇ ಗತಿ.

ಮೂರನೆಯ ಅಪನಂಬಿಕೆ ಸರ್ಕಾರಕ್ಕೆ ಪ್ರಜೆಗಳ ಮೇಲಿದ್ದದ್ದು. ಹದಿನೇಳನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಜನ ನಾಣ್ಯಗಳ ಅಂಚು ಕತ್ತರಿಸಿ, ಇಡಿ ನಾಣ್ಯಗಳನ್ನೇ ಕರಗಿಸಿ ಪಾತ್ರೆ ಮಾಡಿಸುತ್ತಿದ್ದರು. ಇದನ್ನು ತಡೆಯಲು 1697ರಲ್ಲಿ ಪಾತ್ರೆಯ ಬೆಳ್ಳಿಯ ಶುದ್ಧತೆಯನ್ನು 958ಕ್ಕೆ ಏರಿಸಿದರು. ನಾಣ್ಯ ಕರಗಿಸಿದರೆ ಅಷ್ಟು ಶುದ್ಧ ಬೆಳ್ಳಿ ಸಿಗದು. ಸಿಂಹ, ಚಿರತೆಗಳು ಹೋಗಿ ಕುಳಿತ ಬ್ರಿಟಾನಿಯಾ ದೇವಿಯೂ ಕತ್ತು ಕಿತ್ತಂಥ ಸಿಂಹದ ತಲೆಯೂ ಬಂದವು. 1720ರಲ್ಲಿ ಹಳೆಯ ಶುದ್ಧತೆಗೆ ಮತ್ತೆ ಅನುಮತಿ ಸಿಕ್ಕಿತು, ಜೊತೆಗೆ ಔನ್ಸಿಗೆ ಆರು ಪೆನ್ನಿ ಸುಂಕವೂ ಬಿತ್ತು. ಇಲ್ಲಿಂದ ಕಥೆ ಸ್ವಾರಸ್ಯವಾಗುತ್ತದೆ. ಸುಂಕ ತೂಕದ ಮೇಲೆ. ಠಸ್ಸೆ ತುಣುಕಿನ ಮೇಲೆ. ಜಾಣ ಅಕ್ಕಸಾಲಿಗ ಸಣ್ಣ ಬೆಳ್ಳಿಯ ತುಂಡಿಗೆ ಠಸ್ಸೆ ಹಾಕಿಸಿ, ಕಿಂಚಿತ್ತು ಸುಂಕ ಕಟ್ಟಿ, ಆ ತುಂಡನ್ನು ದೊಡ್ಡ ಹೂಜಿಯ ತಳಕ್ಕೆ ಬೆಸೆಯುತ್ತಿದ್ದ. ಆ ಕಾಲದ ಅತಿ ಶ್ರೇಷ್ಠ ಕುಶಲಿ ಎನಿಸಿದ ಪಾಲ್ ದ ಲಾಮೆರಿಯ ಕೆಲವು ಕೆಲಸಗಳಲ್ಲೂ ಈ ಕೈಚಳಕ ಕಂಡುಬಂದಿದೆ. ಇಂಥ ಹೂಜಿಯ ಠಸ್ಸೆ ನಕಲಿಯಲ್ಲ, ಹೂಜಿಯೂ ನಕಲಿಯಲ್ಲ, ಕಾಲವೂ ಹೆಚ್ಚುಕಡಿಮೆ ಅದೇ. ಸುಳ್ಳಿರುವುದು ಅವೆರಡರ ನಡುವಿನ ಬೆಸುಗೆಯಲ್ಲಿ. ತಳದ ಮೇಲೆ ಬಾಯಿಯಿಂದ ಬಿಸಿ ಉಸಿರು ಬಿಟ್ಟರೆ ಬೆಸುಗೆಯ ಗೆರೆ ಬೇರೆ ಬಣ್ಣಕ್ಕೆ ತಿರುಗಿ ಒಂದು ಕ್ಷಣ ಕಾಣುತ್ತದೆ. ನಡುವೆ ರದ್ದಾಗಿದ್ದ ಸುಂಕ 1784ರಲ್ಲಿ ಮರಳಿ ಬಂದಾಗ ಸರ್ಕಾರ ಪಾಠ ಕಲಿತಿತ್ತು: ಸುಂಕ ಕಟ್ಟಿದ್ದಕ್ಕೆ ಗುರುತಾಗಿ ದೊರೆಯ ತಲೆಯನ್ನೇ ಒತ್ತಿಸಿತು. ಮೊದಲ ಒಂದೂವರೆ ವರ್ಷ ಮೂರನೇ ಜಾರ್ಜನ ತಲೆ ಲೋಹದೊಳಕ್ಕೆ ತಗ್ಗಾಗಿ ಎಡಕ್ಕೆ ನೋಡುತ್ತದೆ, 1786ರಿಂದ ಉಬ್ಬಾಗಿ ಬಲಕ್ಕೆ. 1890ರಲ್ಲಿ ಸುಂಕ ರದ್ದಾಗುವ ತನಕ ದೊರೆಗಳ ತಲೆಗಳು ಬಂದುಹೋದವು. ತೆರಿಗೆಗಳ ಇತಿಹಾಸ ತಿಳಿದವನು ಅಕ್ಷರವಿಲ್ಲದ ಚಮಚವನ್ನೂ ಇಷ್ಟರಮಟ್ಟಿಗೆ ಕಾಲಕ್ಕೆ ಕಟ್ಟಬಲ್ಲ.

ಬರ್ಮಿಂಗ್‌ಹ್ಯಾಮ್‌ಗೆ ರೈಲಿನಲ್ಲಿ ಹೋದರೆ ಊರೂರುಗಳ ನಡುವಿನ ಅಪನಂಬಿಕೆ ಎದುರಾಗುತ್ತದೆ. ಅಲ್ಲಿನ ಮ್ಯಾಥ್ಯೂ ಬೋಲ್ಟನ್ ತನ್ನ ಬೆಳ್ಳಿಯನ್ನೆಲ್ಲ ಠಸ್ಸೆಗಾಗಿ ದೂರದ ಚೆಸ್ಟರ್‌ಗೆ ಗಾಡಿಯಲ್ಲಿ ಕಳಿಸಬೇಕಿತ್ತು. ಮರಳಿ ಬರುವಾಗ ಕೆಲವು ಜಜ್ಜಿಹೋಗಿರುತ್ತಿದ್ದವು. ಅವನು ಷೆಫೀಲ್ಡಿನವರ ಜೊತೆ ಸೇರಿ ಪಾರ್ಲಿಮೆಂಟಿನ ಬಾಗಿಲು ತಟ್ಟಿದ. ಲಂಡನ್ನಿನ ಅಕ್ಕಸಾಲಿಗರು ಪಟ್ಟುಹಿಡಿದು ವಿರೋಧಿಸಿದರೂ 1773ರಲ್ಲಿ ಎರಡೂ ಊರುಗಳಿಗೆ ಪರೀಕ್ಷಾಲಯ ಸಿಕ್ಕಿತು, ಬರ್ಮಿಂಗ್‌ಹ್ಯಾಮ್‌ಗೆ ಲಂಗರು, ಷೆಫೀಲ್ಡಿಗೆ ಕಿರೀಟ. ಸಮುದ್ರವೇ ಇಲ್ಲದ ಊರಿಗೆ ಲಂಗರು ಯಾಕೆ? ಎರಡೂ ಊರಿನವರು ಲಂಡನ್ನಿನಲ್ಲಿ ಸೇರುತ್ತಿದ್ದ ಹೋಟೆಲಿನ ಹೆಸರು ‘ಕ್ರೌನ್ ಅಂಡ್ ಆಂಕರ್’, ನಾಣ್ಯ ಚಿಮ್ಮಿ ಹಂಚಿಕೊಂಡರು ಎಂಬ ಕಥೆ ಅಲ್ಲಿ ಎಲ್ಲರ ಬಾಯಲ್ಲೂ ಇದೆ. ಕಥೆ ಚೆಂದವಿದೆ, ಅಷ್ಟು ಸಾಕು.

ಮಾಡಿದವನ ಗುರುತಿಗೆ ಬರೋಣ. ಕೊಳ್ಳುವವರಿಗೆ ಅತಿ ಪ್ರಿಯವಾದದ್ದು ಇದು. ನನ್ನ ಲೆಕ್ಕದಲ್ಲಿ ಅತಿ ಹೆಚ್ಚು ತಪ್ಪು ತಿಳಿವಳಿಕೆಗೆ ಒಳಗಾದದ್ದೂ ಇದೇ. ಲಂಡನ್ನಿನ ರುಂಡೆಲ್, ಬ್ರಿಜ್ ಅಂಡ್ ರುಂಡೆಲ್ ಅಂಗಡಿ ಅರಮನೆಯ ಆಭರಣಗಾರರದು. ಅವರ ಕಾರ್ಖಾನೆ ನೋಡಿಕೊಳ್ಳುತ್ತಿದ್ದ ಪಾಲ್ ಸ್ಟೋರ್ 1819ರಲ್ಲಿ ಹೊರಬಂದಾಗ ಅಂಗಡಿಯ ಯಜಮಾನ ಫಿಲಿಪ್ ರುಂಡೆಲ್ ‘ಪಿ.ಆರ್.’ ಎಂಬ ತನ್ನದೇ ಗುರುತನ್ನು ನೋಂದಾಯಿಸಿದ. ಅವನು ವ್ಯಾಪಾರಿ, ಆ ಗುರುತು ಹೊತ್ತ ಪಾತ್ರೆಗಳನ್ನು ಬಡಿದವರು ಬೇರೆ. ಹೆಸ್ಟರ್ ಬೇಟ್‌ಮನ್ 1761ರಲ್ಲಿ ‘ಎಚ್.ಬಿ.’ ನೋಂದಾಯಿಸಿದಳು, ಆ ಅಕ್ಷರಗಳ ಅಡಿಯಲ್ಲಿ ಮಕ್ಕಳೂ ಆಳುಗಳೂ ಸೇರಿದ ಇಡೀ ಕಾರ್ಯಾಗಾರ ದುಡಿಯಿತು. ಕಾನೂನು ಕೇಳಿದ್ದು ಸುತ್ತಿಗೆ ಹಿಡಿದವನ ಹೆಸರನ್ನಲ್ಲ, ಜವಾಬು ಕೊಡುವವನ ಹೆಸರನ್ನು. ಆದರೂ ಕಾಲನಿರ್ಣಯಕ್ಕೆ ಈ ಗುರುತು ದೊಡ್ಡ ಆಸರೆ: ನೋಂದಣಿ ಪುಸ್ತಕದಲ್ಲಿ ತಾರೀಖಿದೆ, ಅದಕ್ಕಿಂತ ಹಿಂದೆ ಆ ಗುರುತು ಇರಲಾರದು. ಆ ಪುಸ್ತಕಗಳೂ ಪೂರ್ತಿ ಉಳಿದಿಲ್ಲ. 1681ರ ಬೆಂಕಿ ಹಳೆಯ ದಾಖಲೆಗಳನ್ನು ತಿಂದಿತು. ದೊಡ್ಡ ಪಾತ್ರೆಗಳ ಕೆಲಸದವರ ನೋಂದಣಿಯಲ್ಲಿ 1758ರಿಂದ 1773ರವರೆಗಿನ ಸಂಪುಟ ಇಲ್ಲವಾಗಿದೆ. ಆರ್ಥರ್ ಗ್ರಿಮ್‌ವೇಡ್ 1976ರಲ್ಲಿ ಹೊರತಂದ ಲಂಡನ್ ಅಕ್ಕಸಾಲಿಗರ ಮಹಾಗ್ರಂಥ ಈ ಕಂದರಗಳನ್ನು ಆದಷ್ಟು ಊಹೆಯಿಂದ ತುಂಬಿದೆ, ಎಲ್ಲಿ ಊಹೆ ಎಂದು ಹೇಳಿಯೇ ತುಂಬಿದೆ.

ಉತ್ತರ ಸಮುದ್ರ ದಾಟಿ ಕೋಪನ್‌ಹೇಗನ್ನಿಗೆ ಬಂದರೆ ನಿಗಾ ಇನ್ನೂ ಬಿಗಿಯಾಗುತ್ತದೆ. ರೋಸೆನ್‌ಬೋರ್ಗ್ ಅರಮನೆಯಲ್ಲಿ ಸಿಂಹಾಸನ ಕಾಯುವ ಮೂರು ಬೆಳ್ಳಿ ಸಿಂಹಗಳನ್ನು ನೋಡಿದವರಿಗೆ ಡೇನರ ಬೆಳ್ಳಿಯ ಮೋಹ ಗೊತ್ತಾಗುತ್ತದೆ. ಅವರ ಲೆಕ್ಕದ ಮೋಹ ಗೊತ್ತಾಗಬೇಕಾದರೆ ಸಾದಾ ಕಾಫಿ ಕೆಟಲ್ಲಿನ ತಳ ನೋಡಬೇಕು. ಮೂರು ಗೋಪುರದ ಊರಗುರುತು, ಅದರ ಕೆಳಗೆ ನೇರವಾಗಿ ಇಸವಿಯ ಅಂಕಿಗಳು, ಪಕ್ಕದಲ್ಲಿ ಪರೀಕ್ಷಕನ ಹೆಸರಿನ ಅಕ್ಷರಗಳು, ಸಾಲದೆಂಬಂತೆ ತಿಂಗಳನ್ನು ತಿಳಿಸಲು ಒಂದು ರಾಶಿಚಿಹ್ನೆ! ಮೇಷವೋ ಕರ್ಕಾಟಕವೋ ಗೊತ್ತಾದರೆ ಆ ಕೆಟಲ್ ಪರೀಕ್ಷೆಗೆ ಬಂದ ಮಾಸವೇ ಗೊತ್ತಾಯಿತು. ಹದಿನೇಳನೇ ಶತಮಾನದ ಕೊನೆಯಿಂದ ಹತ್ತೊಂಬತ್ತನೆಯದರ ಕೊನೆಯವರೆಗೆ ಈ ಪದ್ಧತಿ ನಡೆಯಿತು. ತಿಂಗಳು ಯಾರಿಗೆ ಬೇಕಿತ್ತು? ಊಟದ ಮೇಜಿನಲ್ಲಿ ಕೂತವರಿಗಂತೂ ಅಲ್ಲ. ಪರೀಕ್ಷಕನ ಲೆಕ್ಕ ತಾಳೆ ನೋಡುವವರಿಗೆ ಬೇಕಿತ್ತು. ಸ್ವೀಡನ್ನಿನ ಪದ್ಧತಿಯೂ ಇದೇ ಜಾತಿಯದು: 1759ಕ್ಕೆ ‘ಎ’, ಇಪ್ಪತ್ನಾಲ್ಕು ಅಕ್ಷರಗಳ ಸುತ್ತು ಮುಗಿದ ಮೇಲೆ 1783ಕ್ಕೆ ‘ಎ2’, 1807ಕ್ಕೆ ‘ಎ3’. ಪಟ್ಟಿಯೇ ಬೇಡ, ಕೂಡುವ ಕಳೆಯುವ ಲೆಕ್ಕ ಬಂದರೆ ಸಾಕು. ಯೂರೋಪಿನ ಬೆಳ್ಳಿಯಲ್ಲಿ ಓದು ಕಲಿಯಬಯಸುವವರು ಲಂಡನ್ ಬಿಟ್ಟು ಸ್ಟಾಕ್‌ಹೋಮಿನಿಂದ ಶುರು ಮಾಡುವುದು ಒಳ್ಳೆಯದು.

ಪ್ಯಾರಿಸ್ ಇದಕ್ಕೆ ಪೂರ್ತಿ ಬೇರೆ. ಮೊನ್ಸೊ ಬೀದಿಯ ನಿಸಿಂ ದ ಕಮೊಂಡೊ ಮ್ಯೂಸಿಯಮ್ಮಿನಲ್ಲಿ, ರಷ್ಯದ ಎರಡನೇ ಕ್ಯಾಥರೀನ್ ರಾಣಿ ರೊಯೆತಿಯೆ ಮನೆತನದವರಿಂದ ಮಾಡಿಸಿದ ಓರ್ಲೊಫ್ ಊಟದ ಸೆಟ್ಟಿನ ಕೆಲವು ಪಾತ್ರೆಗಳಿವೆ. ಕ್ರಾಂತಿಗೆ ಮುಂಚಿನ ಇಂಥ ಫ್ರೆಂಚ್ ಬೆಳ್ಳಿಯ ಮೇಲೆ ಸಾಮಾನ್ಯವಾಗಿ ನಾಲ್ಕು ಠಸ್ಸೆ ಇರುತ್ತವೆ: ಕುಶಲಿಯದು, ಸಂಘದ ವರ್ಷದ ಅಕ್ಷರ, ಸುಂಕದ ಗುತ್ತಿಗೆದಾರ ಕೆಲಸ ಅರ್ಧವಿರುವಾಗ ಒತ್ತುವ ಒಂದು, ಸುಂಕ ಕಟ್ಟಿದ ಮೇಲೆ ಒತ್ತುವ ಇನ್ನೊಂದು. ಗುತ್ತಿಗೆ ಕೆಲವು ವರ್ಷಕ್ಕೊಮ್ಮೆ ಕೈ ಬದಲಾಯಿಸುತ್ತಿತ್ತು, ಹೊಸ ಗುತ್ತಿಗೆದಾರನಿಗೆ ಹೊಸ ಠಸ್ಸೆ. ಹೀಗೆ ಅಕ್ಷರ ಅಳಿಸಿದ್ದರೂ ತೆರಿಗೆಯವನ ಗುರುತು ನಾಲ್ಕಾರು ವರ್ಷಗಳ ಒಳಗೆ ತಂದು ನಿಲ್ಲಿಸುತ್ತದೆ. 1797ರಲ್ಲಿ ಕ್ರಾಂತಿ ಸರ್ಕಾರ ಪರೀಕ್ಷೆಯನ್ನು ತನ್ನ ಕೈಗೆ ತೆಗೆದುಕೊಂಡಿತು. ಸಂಘ ಆಗಲೇ ಹೋಗಿತ್ತು, ಸಂಘದ ಹಿರಿಯರ ಮೇಲಿನ ಸಂಶಯವೂ ಹೋಗಿತ್ತು, ಅದರೊಂದಿಗೆ ವರ್ಷದ ಅಕ್ಷರವೂ ಹೋಗಿತ್ತು. 1838ರಿಂದ ಒಂದೇ ಮಿನರ್ವಾ ದೇವಿಯ ತಲೆ, ಪಕ್ಕದಲ್ಲಿ 950ಕ್ಕೆ ‘1’, 800ಕ್ಕೆ ‘2’. ಅದೇ ತಲೆ ನೂರು ವರ್ಷಕ್ಕೂ ಮಿಕ್ಕಿ ನಡೆಯಿತು. ಶುದ್ಧತೆಯ ಬಗ್ಗೆ ಮಿನರ್ವಾ ಎಷ್ಟು ಖಚಿತವೋ ಕಾಲದ ಬಗ್ಗೆ ಅಷ್ಟೇ ನಿರ್ಲಿಪ್ತೆ. ಅಲ್ಲಿ ಇಸವಿ ಬೇಕಿದ್ದರೆ ವಜ್ರಾಕಾರದ ಚೌಕಟ್ಟಿನಲ್ಲಿರುವ ಕುಶಲಿಯ ಗುರುತನ್ನೇ ಹಿಡಿದು, ಅದು ನೋಂದಣಿಯಾದ, ರದ್ದಾದ ವರ್ಷಗಳನ್ನು ಹುಡುಕಬೇಕು. ಇನ್ನು ಹಂಸದ ಠಸ್ಸೆ: 1893ರಿಂದ, ಮೂಲ ತಿಳಿಯದ ಬೆಳ್ಳಿ ಹರಾಜಿಗೆ ಬಂದರೆ ಒತ್ತುತ್ತಿದ್ದದ್ದು. ಹಂಸವಿರುವ ಬಟ್ಟಲು ಹದಿನೇಳನೇ ಶತಮಾನದ್ದೂ ಇರಬಹುದು, 1892ರದೂ ಇರಬಹುದು. ಹಂಸ ಹೇಳುವುದು ಅದು ಫ್ರಾನ್ಸಿನ ಸುಂಕದವನ ಮುಂದೆ ಹಾದುಹೋಯಿತು ಎಂಬುದನ್ನಷ್ಟೇ.

ನನ್ನ ವಾದಕ್ಕೆ ಎರಡು ಗಟ್ಟಿ ಆಕ್ಷೇಪಗಳಿವೆ. ಮೊದಲನೆಯದು: ಠಸ್ಸೆಗಳನ್ನೇ ಖೋಟಾ ಮಾಡಬಹುದಾದರೆ ಅವುಗಳ ಉದ್ದೇಶದ ಚರ್ಚೆಯಿಂದ ಏನು ಬಂತು? ಖೋಟಾ ಆದದ್ದು ನಿಜ. ಹದಿನೆಂಟನೇ ಶತಮಾನದ ನಡುವಿನಲ್ಲಿ ಇಂಗ್ಲೆಂಡ್ ಅದಕ್ಕೆ ಮರಣದಂಡನೆ ಇಟ್ಟಿತ್ತು. 1773ರಲ್ಲಿ ಅದನ್ನು ಹದಿನಾಲ್ಕು ವರ್ಷದ ಗಡೀಪಾರಿಗೆ ಇಳಿಸಿತು. ಆದರೆ ಆಗ ಖೋಟಾ ಮಾಡುತ್ತಿದ್ದವರು ಶುದ್ಧತೆಯನ್ನೋ ಸುಂಕವನ್ನೋ ಕದಿಯುತ್ತಿದ್ದರು, ಹಳಮೆಯನ್ನಲ್ಲ. ಹಳಮೆಗೆ ಬೆಲೆ ಬಂದದ್ದು ಅಕ್ಷರಪಟ್ಟಿಗಳು ಅಚ್ಚಾದ ಮೇಲೆ: 1850ರ ದಶಕದಲ್ಲಿ ಆಕ್ಟೇವಿಯಸ್ ಮಾರ್ಗನ್, 1863ರಲ್ಲಿ ವಿಲಿಯಂ ಚಾಫರ್ಸ್, 1878ರಲ್ಲಿ ವಿಲ್ಫ್ರೆಡ್ ಕ್ರಿಪ್ಸ್ ಅವನ್ನು ಜನರ ಕೈಗೆ ಕೊಟ್ಟರು. ಸಂಗ್ರಾಹಕನಿಗೆ ಕಣ್ಣು ಕೊಟ್ಟ ಪುಸ್ತಕವೇ ಖೋಟಾಕೋರನಿಗೂ ಮಾದರಿಯಾಯಿತು. 1899ರ ಸುಮಾರಿಗೆ ಲಂಡನ್ನಿನಲ್ಲಿ ಸಿಕ್ಕಿಬಿದ್ದ ಲಯನ್ ಮತ್ತು ಟ್ವಿನಮ್ ಜೋಡಿ ಆ ಪೀಳಿಗೆಯದು. ಆದರೂ ಖೋಟಾ ಕೈಗೆ ಸಿಗುವುದು ಖೋಟಾಕೋರ ಠಸ್ಸೆಯ ಉದ್ದೇಶವನ್ನು ಮರೆತಾಗಲೇ. ಪರೀಕ್ಷಾಲಯದ ನೌಕರ ಚಮಚಗಳಿಗೆ ಒಂದೊಂದಾಗಿ ಠಸ್ಸೆ ಹೊಡೆಯುತ್ತಿದ್ದ, ಆದ್ದರಿಂದ ಒಂದೇ ಸೆಟ್ಟಿನಲ್ಲೂ ಠಸ್ಸೆಗಳ ಅಂತರ, ಓರೆ ಕೊಂಚ ಬೇರೆಬೇರೆ. ಆರೂ ಚಮಚಗಳಲ್ಲಿ ಅವು ಕೂದಲೆಳೆಯಷ್ಟೂ ಅಲುಗದೆ ಕೂತಿದ್ದರೆ, ಅಂಚುಗಳು ಮೊಂಡಾಗಿ ಸಣ್ಣ ಗುಳಿಗಳಿದ್ದರೆ, ಅವು ಒಂದು ನಿಜವಾದ ಚಮಚದಿಂದ ಎರಕ ಹೊಯ್ದವು. ಬಿಚ್ಚಿ ತೆಗೆಯಬಹುದಾದ ಮುಚ್ಚಳಕ್ಕೂ ಪರೀಕ್ಷೆ ಕಡ್ಡಾಯವಾಗಿತ್ತು. ಒಡಲಿಗೆ ಠಸ್ಸೆಯಿದ್ದು ಮುಚ್ಚಳ ಬೋಳಾಗಿದ್ದರೆ ಅನುಮಾನಿಸಬೇಕು. ಚಮಚಕ್ಕೆ ಸುಮಾರು 1780ರ ತನಕ ಬಟ್ಟಲಿನ ಹತ್ತಿರ ಠಸ್ಸೆ ಬೀಳುತ್ತಿತ್ತು, ಆಮೇಲೆ ಹಿಡಿಯ ತುದಿಗೆ. 1750ರ ಅಕ್ಷರ ತುದಿಯಲ್ಲಿ ಕೂತಿದ್ದರೆ ಅಕ್ಷರ ಎಷ್ಟು ಅಚ್ಚುಕಟ್ಟಾಗಿದ್ದರೂ ಪ್ರಯೋಜನವಿಲ್ಲ. ಲಂಡನ್ನಿನ ಅಕ್ಕಸಾಲಿಗರ ಸಂಘ 1939ರಲ್ಲಿ ಇದಕ್ಕೆಂದೇ ಒಂದು ತಜ್ಞರ ಸಮಿತಿ ಮಾಡಿತು. ಏಳು ಶತಮಾನಗಳ ಸಂಶಯಕ್ಕೆ ಅದೂ ಒಂದು ಕೊಂಡಿ.

ಎರಡನೆಯ ಆಕ್ಷೇಪ ಹೊಸ ಕಾಲದ್ದು. ಎಕ್ಸ್‌ರೇ ಹಾಯಿಸಿ ಲೋಹದ ಒಳಗುಟ್ಟು ನೋಡುವ ಯಂತ್ರವಿರುವಾಗ ಸಿಂಹ, ಚಿರತೆಗಳನ್ನು ಕಣ್ಣು ಕಿರಿದು ಮಾಡಿಕೊಂಡು ನೋಡಬೇಕೇ? ಹಳೆಯ ಕಾಲದ ಶುದ್ಧೀಕರಣದಲ್ಲಿ ಬೆಳ್ಳಿಯಲ್ಲಿ ಚೂರು ಚಿನ್ನ, ಚೂರು ಸೀಸ ಉಳಿಯುತ್ತಿತ್ತು. ವಿದ್ಯುತ್ತಿನಿಂದ ಶುದ್ಧಗೊಳಿಸುವ ವಿಧಾನ ಬಂದ ಮೇಲೆ ಆ ಕಸ ಹೆಚ್ಚುಕಡಿಮೆ ಇಲ್ಲವಾಯಿತು. ಆದ್ದರಿಂದ ಜಾರ್ಜ್ ದೊರೆಯ ಠಸ್ಸೆ ಹೊತ್ತ ಪಾತ್ರೆಯಲ್ಲಿ ಲೋಹ ಅತಿ ಚೊಕ್ಕಟವಾಗಿದ್ದರೆ ಅದು ಖೋಟಾ ಎನ್ನಲು ಯಂತ್ರ ಸಾಕು. ಆದರೆ ಚಿನ್ನದ ಅಂಶ ಸಿಕ್ಕಿತೆಂದು ಪಾತ್ರೆ ಹಳೆಯದು ಎನ್ನಲಾಗದು. ಮುರಿದ ಹಳೆಯ ಚಮಚಗಳನ್ನು ಕರಗಿಸಿ ಇವತ್ತು ಹೂಜಿ ಮಾಡಿದರೂ ಯಂತ್ರ ಅದೇ ಅಂಕಿ ತೋರಿಸುತ್ತದೆ. ಲೋಹದ ವಯಸ್ಸು ಪಾತ್ರೆಯ ವಯಸ್ಸಲ್ಲ. ಬೆಳ್ಳಿಯಷ್ಟು ಸಲ ಪುನರ್ಜನ್ಮ ಎತ್ತುವ ವಸ್ತು ಕಡಿಮೆ. ಹದಿನಾಲ್ಕನೇ ಲೂಯಿ 1689ರಲ್ಲಿ ಯುದ್ಧದ ಖರ್ಚಿಗಾಗಿ ವರ್ಸಾಯ್‌ನ ಬೆಳ್ಳಿ ಮೇಜು ಕುರ್ಚಿಗಳನ್ನೇ ಕರಗಿಸಿದ. ಹೊರರೂಪವನ್ನು ನಂಬಬೇಕೆಂದರೆ ವಿಕ್ಟೋರಿಯಾ ಕಾಲದವರು ಅಜ್ಜಂದಿರ ಕಾಲದ ಸಾದಾ ಮಗ್ಗಿಗೆ ಮೂತಿ ಬೆಸೆದು, ಮೈತುಂಬ ಹೂಬಳ್ಳಿ ಕೆತ್ತಿಸಿ ಹೂಜಿ ಮಾಡಿಕೊಂಡಿದ್ದಾರೆ. ಠಸ್ಸೆ ನಿಜ, ವಸ್ತು ಬೇರೆ. ಒಂಟಿ ಸಾಕ್ಷಿ ಯಾವುದೂ ನಿಲ್ಲುವುದಿಲ್ಲ. ಹಾಗಿದ್ದರೂ ಠಸ್ಸೆಯ ಮಾತಿಗೆ ಒಂದು ಹೆಚ್ಚುಗಾರಿಕೆಯಿದೆ: ಅದರ ಹಿಂದೆ ದಾಖಲೆ ಪುಸ್ತಕವಿದೆ.

ದಾಖಲೆ ಪುಸ್ತಕವಿಲ್ಲದ ಕಡೆ ಠಸ್ಸೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ನಮ್ಮ ನೆಲದಲ್ಲೇ ಇದೆ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂದು ಗಾದೆ ಕಟ್ಟಿದ ನಾವು ಅಪನಂಬಿಕೆಯಲ್ಲಿ ಯೂರೋಪಿನವರಿಗೆ ಕಡಿಮೆಯೇನಲ್ಲ. ಆದರೆ ನಮ್ಮ ಅಪನಂಬಿಕೆ ಕಚೇರಿಯಾಗಲಿಲ್ಲ, ಒರೆಗಲ್ಲಾಯಿತು. ಎದುರಿಗೇ ಉಜ್ಜಿ ನೋಡಿದರೆ ಮುಗಿಯಿತು. ಹಾಗಾಗಿ ಅಜ್ಜಿಯ ಪಂಚಪಾತ್ರೆಗೆ ತೂಕವಿದೆ, ಇಸವಿಯಿಲ್ಲ. ಬ್ರಿಟಿಷರೂ ಇಲ್ಲಿ ಪರೀಕ್ಷಾಲಯ ತೆರೆಯಲಿಲ್ಲ. ಕೋಲ್ಕತ್ತದ ಹ್ಯಾಮಿಲ್ಟನ್, ಮದ್ರಾಸಿನ ಪಿ. ಓರ್, ಬೆಂಗಳೂರು ದಂಡುಪ್ರದೇಶದ ಬಾರ್ಟನ್ ಮುಂತಾದ ಅಂಗಡಿಗಳ ಬೆಳ್ಳಿಯ ಮೇಲೆ ಇರುವುದು ಅವರವರ ಹೆಸರು. ಕೋಲ್ಕತ್ತದ ಕೆಲವು ಅಂಗಡಿಗಳು ಲಂಡನ್ನಿನ ಠಸ್ಸೆಗಳ ನೆನಪು ತರುವ ಪ್ರಾಣಿ, ಅಕ್ಷರಗಳನ್ನೂ ಸೇರಿಸಿದವು. ಅವಕ್ಕೆ ಲಂಡನ್ನಿನ ಪಟ್ಟಿ ಹಿಡಿದರೆ ಬರುವ ಇಸವಿಗೆ ಅರ್ಥವೇ ಇಲ್ಲ. ಅಂಗಡಿ ಯಾವಾಗ ತೆರೆಯಿತು, ಯಾವ ಬೀದಿಯಲ್ಲಿತ್ತು, ಪಾಲುದಾರರು ಯಾವಾಗ ಬದಲಾದರು ಎಂದು ಹುಡುಕುವುದೊಂದೇ ದಾರಿ.

ಬೇರೆ ಊರಿನ ಠಸ್ಸೆಯ ನೆನಪು ತರುವ ಗುರುತು ಒತ್ತುವುದನ್ನೇ ಜರ್ಮನಿಯ ಹಾನಾವ್ ಪಟ್ಟಣ ಉದ್ಯಮವಾಗಿಸಿತು. ಆಗ್ಸ್‌ಬರ್ಗಿನ ಬೆಳ್ಳಿ ಯೂರೋಪಿನ ಅರಮನೆಗಳಲ್ಲೆಲ್ಲ ಮೆರೆದದ್ದು; ಅದರ ಪೈನ್‌ಕಾಯಿಯ ಗುರುತು, ಪರೀಕ್ಷೆಗೆ ಲೋಹ ಕೆರೆದ ಅಂಕುಡೊಂಕು ಗೀರು, 1735ರಿಂದ ಕಾಯಿಯ ಕೆಳಗೆ ಬರುವ ಕಾಲಸೂಚಕ ಅಕ್ಷರ, ಎಲ್ಲದರ ಹಿಂದೆಯೂ ಸಂಘದ ಕಾವಲಿತ್ತು. ಹತ್ತೊಂಬತ್ತನೇ ಶತಮಾನದ ಹಾನಾವಿಗೆ ಅಂಥ ಕಾವಲಿರಲಿಲ್ಲ. ಹಳೆಯ ಶೈಲಿಯ ಬಟ್ಟಲು, ನೆಫ್ ಎಂಬ ಬೆಳ್ಳಿ ಹಡಗು, ಕುದುರೆ ಸವಾರರನ್ನು ಹೊಸ ಶ್ರೀಮಂತರಿಗೆ ಮಾರಲು ಅಲ್ಲಿನ ನೆರೆಸ್‌ಹೈಮರ್, ಷ್ಲೈಸ್ನರ್ ಕಾರ್ಖಾನೆಗಳು ಹಳೆಯ ಊರುಗಳ ಠಸ್ಸೆಗಳನ್ನು ಹೋಲುವ ಠಸ್ಸೆಗಳನ್ನು ಧಾರಾಳವಾಗಿ ಒತ್ತಿದವು. ಜರ್ಮನಿ 1888ರಿಂದ ಅರ್ಧಚಂದ್ರ ಮತ್ತು ಕಿರೀಟದ ಗುರುತು, 800ರಂಥ ಅಂಕಿ ತಂದಿತು. ಆದರೂ ಹಾನಾವ್ ಮಾಲು ಹರಾಜುಗಳಲ್ಲಿ ಇಂದಿಗೂ ‘ಹದಿನೇಳನೇ ಶತಮಾನ’ವಾಗಿ ಓಡಾಡುವುದುಂಟು. ಅವುಗಳಲ್ಲಿ ಬಹಳಷ್ಟು ಇಂಗ್ಲೆಂಡಿಗೆ ಹೋದವು, ಬರ್ಟೋಲ್ಡ್ ಮುಲ್ಲರ್ ಎಂಬ ಆಮದುದಾರನ ಮೂಲಕ. ಅಲ್ಲಿನ ಕಾನೂನು ವಿದೇಶಿ ಬೆಳ್ಳಿಯನ್ನೂ ನಂಬಲಿಲ್ಲ: ಪರೀಕ್ಷಿಸಿ, 1867ರಿಂದ ವಿದೇಶಿ ಎನ್ನಲು ‘ಎಫ್’ ಅಕ್ಷರ ಸೇರಿಸಿ, ಚೆಸ್ಟರ್ ಅಥವಾ ಲಂಡನ್ನಿನ ವರ್ಷದ ಅಕ್ಷರ ಒತ್ತಿ ಒಳಗೆ ಬಿಡುತ್ತಿತ್ತು. ಹೀಗೆ ಒಂದೇ ಬೆಳ್ಳಿ ಹಡಗಿನ ಮೇಲೆ ಹಾನಾವಿನ ಗೊಂದಲದ ಗುರುತುಗಳೂ ಚೆಸ್ಟರಿನ ಸಣ್ಣ, ಒಣ ಠಸ್ಸೆಗಳೂ ಅಕ್ಕಪಕ್ಕ ಕೂರುತ್ತವೆ. ಕಾಲ ಹೇಳಬಲ್ಲವು ಚೆಸ್ಟರಿನವು ಮಾತ್ರ, ಹಡಗು ಆ ವರ್ಷಕ್ಕಿಂತ ಈಚಿನದಲ್ಲ ಎನ್ನುವಷ್ಟರ ಮಟ್ಟಿಗೆ. ಇದು ಕೆಲವು ವ್ಯಾಪಾರಿಗಳಿಗೂ ಚೆನ್ನಾಗಿ ಗೊತ್ತು. ಅಂಥವರ ಕೈ ದಾಟಿದ ಹಡಗುಗಳಲ್ಲಿ ಹಾನಾವಿನ ಗುರುತುಗಳು ಅಚ್ಚಳಿಯದೆ ಇದ್ದು ಚೆಸ್ಟರಿನವನ್ನು ಮಾತ್ರ ಉಜ್ಜಿ ತೆಗೆದಿರುತ್ತಾರೆ. ಕೊಳ್ಳುವ ಮನಸ್ಸಿದ್ದರೆ ಅಂಚಿನ ಉದ್ದಕ್ಕೂ ಬೆರಳಾಡಿಸಿ ತಗಡು ತೆಳ್ಳಗಾದ ಜಾಗ ಎಲ್ಲಿದೆ ಎಂದು ಮೊದಲು ನೋಡಬೇಕು.